ಕಡಲ ತಳದ ಚಿಪ್ಪು ಹೇಳುವ ಲೆಕ್ಕವನ್ನು ಎಷ್ಟು ನಂಬಬಹುದು?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತೇನೆ. ಐಸೊಟೋಪ್ ಪಾಠ ಮಾಡುವಾಗ, ಕಡಲ ತಳದ ಕೆಸರಿನಲ್ಲಿ ಸಿಗುವ ಚಿಪ್ಪುಗಳ ಆಕ್ಸಿಜನ್ ಅಳೆದು ಲಕ್ಷಾಂತರ ವರ್ಷ ಹಿಂದಿನ ಉಷ್ಣತೆ ಕಂಡುಹಿಡಿಯುತ್ತಾರೆ ಎಂದು ಹೇಳಿದೆ. ಒಬ್ಬ ಹುಡುಗ ಎದ್ದು, ‘ಚಿಪ್ಪಿನ ಸಂಖ್ಯೆ ಉಷ್ಣತೆಯಿಂದಲೇ ಬದಲಾಯಿತು ಅಂತ ಹೇಗೆ ಗೊತ್ತು ಮೇಡಂ? ಬೇರೆ ಕಾರಣ ಇರಬಾರದಾ?’ ಎಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಇನ್ನೊಬ್ಬ ಹುಡುಗಿ ವಾಟ್ಸಾಪ್‌ನಲ್ಲಿ ಬಂದ ವಿಡಿಯೊ ತೋರಿಸಿದಳು. ಇದೇ ದಾಖಲೆಗಳನ್ನು ಇಟ್ಟುಕೊಂಡು ‘ಹವಾಮಾನ ಯಾವಾಗಲೂ ಬದಲಾಗುತ್ತಲೇ ಇತ್ತು, ಈಗಿನ ಬಿಸಿಯೂ ಹಾಗೇ’ ಎನ್ನುತ್ತದೆ ಅದು. ಎರಡಕ್ಕೂ ಏನು ಹೇಳಲಿ? ಮುಂದಿನ ತಿಂಗಳು ಮಕ್ಕಳನ್ನು ಕಾರವಾರಕ್ಕೆ ಕರೆದೊಯ್ಯುತ್ತಿದ್ದೇವೆ. ಈ ವಿಷಯದ ಮೇಲೆ ಚಿಕ್ಕ ಪ್ರಾಜೆಕ್ಟ್ ಮಾಡಿಸಬಹುದಾ?

ಉತ್ತರ: ನಿಮ್ಮ ಹುಡುಗ ಎತ್ತಿದ್ದು ಸಣ್ಣ ಪ್ರಶ್ನೆಯಲ್ಲ. 1967ರಲ್ಲಿ ಕೇಂಬ್ರಿಡ್ಜ್‌ನ ನಿಕ್ ಶ್ಯಾಕಲ್ಟನ್ ಎತ್ತಿದ್ದೂ ಇದೇ ತಕರಾರು. ಅದರಿಂದ ಈ ಇಡೀ ವಿಜ್ಞಾನದ ದಿಕ್ಕೇ ಬದಲಾಯಿತು. ‘ಬೇರೆ ಕಾರಣ ಇದೆ, ಅದೇ ದೊಡ್ಡದು’ ಎಂದು ಅವನಿಗೆ ಹೇಳಿ.

ಮೊದಲು ಚಿಪ್ಪಿನ ವಿಷಯ. ನಾವು ಅಳೆಯುವುದು ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳ ಚಿಪ್ಪು. ನಾವೆಲ್ಲ ಫೊರಾಮ್ ಎಂದೇ ಕರೆಯುವುದು. ಹೆಚ್ಚಿನವು ಮರಳಿನ ಕಣದಷ್ಟಿರುತ್ತವೆ. ಕೆಲವು ಕಡಲ ಮೇಲ್ಪದರದಲ್ಲಿ ತೇಲುತ್ತವೆ, ಕೆಲವು ತಳದ ಕೆಸರಿನಲ್ಲೇ ಬದುಕುತ್ತವೆ. ಎರಡೂ ನೀರಿನಿಂದ ಕ್ಯಾಲ್ಸಿಯಂ ಕಾರ್ಬೊನೇಟ್ ತೆಗೆದುಕೊಂಡು ಚಿಪ್ಪು ಕಟ್ಟಿಕೊಳ್ಳುತ್ತವೆ. ಸತ್ತ ಮೇಲೆ ಆ ಚಿಪ್ಪು ತಳದಲ್ಲಿ ಪದರ ಪದರವಾಗಿ ಕೂರುತ್ತದೆ. ಆಳ ಕಡಲಲ್ಲಿ ಸಾವಿರ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಕೆಸರು ಸೇರುವುದು. ಹಾಗಾಗಿ ಹತ್ತು ಮೀಟರ್ ಉದ್ದದ ಕೆಸರಿನ ಕಂಬ ಎಂದರೆ ಲಕ್ಷಗಟ್ಟಲೆ ವರ್ಷ.

ಕಾರ್ಬೊನೇಟಿನ ಆಕ್ಸಿಜನ್‌ನಲ್ಲಿ ಬಹುಪಾಲು ಆಕ್ಸಿಜನ್-16. ಸುಮಾರು ಐನೂರು ಪರಮಾಣುಗಳಲ್ಲಿ ಒಂದು ಮಾತ್ರ ಭಾರದ ಆಕ್ಸಿಜನ್-18. ನೀರು ತಣ್ಣಗಿದ್ದಷ್ಟೂ ಚಿಪ್ಪಿನೊಳಗೆ ಆಕ್ಸಿಜನ್-18ರ ಪಾಲು ತುಸು ಜಾಸ್ತಿ. ಇದರ ಹಿಂದಿನ ಥರ್ಮೊಡೈನಮಿಕ್ಸ್ ಲೆಕ್ಕವನ್ನು 1947ರಲ್ಲಿ ಪ್ರಕಟಿಸಿದವರು ಹೆರಾಲ್ಡ್ ಯೂರಿ. ಭಾರ ಹೈಡ್ರೋಜನ್ ಕಂಡುಹಿಡಿದು 1934ರ ನೊಬೆಲ್ ಪಡೆದವರು. ಉಷ್ಣತೆ ಒಂದು ಡಿಗ್ರಿ ಇಳಿದರೆ ಈ ಅನುಪಾತ ಏರುವುದು ಸಾವಿರಕ್ಕೆ 0.22ರಷ್ಟು. ಅಂದರೆ ಸಾವಿರಕ್ಕೆ ಒಂದರಷ್ಟು ಏರಿಕೆ ಕಂಡರೆ ನಾಲ್ಕೂವರೆ ಡಿಗ್ರಿ ತಂಪು. ಐಸೊಟೋಪ್‌ಗಳನ್ನು ತೂಕದ ಮೇಲೆ ಬೇರ್ಪಡಿಸಿ ಎಣಿಸುವ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರ ಸಾವಿರಕ್ಕೆ 0.1ಕ್ಕಿಂತ ಚಿಕ್ಕ ವ್ಯತ್ಯಾಸವನ್ನೂ ಹಿಡಿಯುತ್ತದೆ. ಅಳತೆಯ ನಿಖರತೆ ಬಗ್ಗೆ ತಕರಾರಿಲ್ಲ. ತಕರಾರು ಇರುವುದು ಅರ್ಥದಲ್ಲಿ.

ಯಾಕೆಂದರೆ ಚಿಪ್ಪಿಗೆ ಆಕ್ಸಿಜನ್ ಬಂದದ್ದು ನೀರಿನಿಂದ, ಮತ್ತು ಆ ನೀರಿನ ಅನುಪಾತವೇ ಸ್ಥಿರವಾಗಿಲ್ಲ. ಕಡಲಿನಿಂದ ಆವಿಯಾಗುವಾಗ ಹಗುರ ನೀರು ಸುಲಭವಾಗಿ ಏಳುತ್ತದೆ. ಆ ಆವಿ ಧ್ರುವದ ಕಡೆ ಸಾಗುತ್ತ ದಾರಿಯುದ್ದಕ್ಕೂ ಮಳೆ ಸುರಿಸುತ್ತದೆ. ಭಾರದ ಆಕ್ಸಿಜನ್ ಇರುವ ನೀರು ಮೊದಲು ಉದುರುತ್ತದೆ. ಕೊನೆಗೆ ಧ್ರುವದಲ್ಲಿ ಬೀಳುವ ಹಿಮದಲ್ಲಿ ಆಕ್ಸಿಜನ್-18 ತೀರಾ ಕಡಿಮೆ. ಅಂಟಾರ್ಕ್ಟಿಕಾದ ಒಳನಾಡಿನಲ್ಲಿ ಕಡಲ ನೀರಿಗಿಂತ ಸಾವಿರಕ್ಕೆ ಐವತ್ತರಷ್ಟು ಕಡಿಮೆ ಇರುತ್ತದೆ. ಹಿಮಯುಗದಲ್ಲಿ ಈ ಹಗುರ ನೀರು ಉತ್ತರ ಅಮೆರಿಕ, ಯುರೋಪುಗಳ ಮೇಲೆ ಕಿಲೋಮೀಟರ್‌ಗಟ್ಟಲೆ ದಪ್ಪದ ಮಂಜುಗಡ್ಡೆಯಾಗಿ ಕೂತುಬಿಟ್ಟಿತು. ಕಡಲಿಗೆ ವಾಪಸ್ ಬರಲಿಲ್ಲ. ಉಳಿದ ಕಡಲು ಆಕ್ಸಿಜನ್-18ರಲ್ಲಿ ಶ್ರೀಮಂತವಾಯಿತು. ಆಗ ನೀರು ಒಂದು ಡಿಗ್ರಿಯೂ ತಣ್ಣಗಾಗದಿದ್ದರೂ ಚಿಪ್ಪಿನ ಸಂಖ್ಯೆ ಏರುತ್ತಿತ್ತು.

ಎರಡು ಮನೆಗೆ ಒಂದೇ ಕರೆಂಟ್ ಮೀಟರ್ ಇದ್ದ ಹಾಗೆ ಇದು. ಬಿಲ್ ಸರಿಯಾಗಿಯೇ ಬರುತ್ತದೆ. ಯಾವ ಮನೆ ಎಷ್ಟು ಉರಿಸಿತು ಎಂದು ಮಾತ್ರ ಬಿಲ್ಲಿನಲ್ಲಿ ಇರುವುದಿಲ್ಲ.

ಯೂರಿಯವರ ಶಿಕಾಗೊ ಗುಂಪಿನಲ್ಲಿದ್ದ ಚೆಸಾರೆ ಎಮಿಲಿಯಾನಿ 1955ರಲ್ಲಿ ಕೆರಿಬಿಯನ್ ಮತ್ತಿತರ ಕಡಲುಗಳ ತೇಲುವ ಫೊರಾಮ್‌ಗಳನ್ನು ಅಳೆದು, ಹಿಮಯುಗಗಳು ಸರತಿಯಂತೆ ಮತ್ತೆ ಮತ್ತೆ ಬಂದುಹೋದವು ಎಂದು ತೋರಿಸಿದರು. ಅದು ದೊಡ್ಡ ಕೆಲಸ. ಅದಕ್ಕೂ ಮುಂಚೆ ನಾಲ್ಕೇ ಹಿಮಯುಗಗಳು ಎಂಬ ಲೆಕ್ಕ ಚಾಲ್ತಿಯಲ್ಲಿತ್ತು. ಆದರೆ ಅವರು ಬಿಲ್ಲಿನ ಬಹುಪಾಲನ್ನು ಉಷ್ಣತೆಯ ಮನೆಗೆ ಬರೆದರು. ಉಷ್ಣವಲಯದ ಮೇಲ್ಪದರ ಸುಮಾರು ಆರು ಡಿಗ್ರಿ ತಣ್ಣಗಾಗಿತ್ತು ಎಂದರು.

ಶ್ಯಾಕಲ್ಟನ್ ತಳದಲ್ಲಿ ಬದುಕುವ ಫೊರಾಮ್‌ಗಳತ್ತ ತಿರುಗಿದರು. ಅವುಗಳ ಸಂಖ್ಯೆಯೂ ತೇಲುವ ಜಾತಿಗಳಷ್ಟೇ ಏರಿಳಿಯುತ್ತಿತ್ತು. ಇಲ್ಲಿ ಮಕ್ಕಳಿಂದಲೇ ಲೆಕ್ಕ ಮಾಡಿಸಿ. ತಳದ ಚಿಪ್ಪಿನಲ್ಲಿ ಹಿಮಯುಗಕ್ಕೂ ಇಂದಿಗೂ ಇರುವ ವ್ಯತ್ಯಾಸ ಸಾವಿರಕ್ಕೆ ಸುಮಾರು 1.7. ಪೂರ್ತಿ ಉಷ್ಣತೆಯಿಂದಲೇ ಎಂದುಕೊಂಡರೆ ತಳದ ನೀರು ಏಳೆಂಟು ಡಿಗ್ರಿ ತಣ್ಣಗಾಗಬೇಕಿತ್ತು. ಆದರೆ ಆಳದ ನೀರು ಈಗಲೇ ಒಂದರಿಂದ ಮೂರು ಡಿಗ್ರಿಯಲ್ಲಿದೆ. ಉಪ್ಪುನೀರು ಮೈನಸ್ 1.8 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಏಳು ಡಿಗ್ರಿ ಇಳಿಯಲು ಜಾಗವೇ ಇಲ್ಲ. ಹಾಗಾದರೆ ಏರಿಕೆಯ ದೊಡ್ಡ ಪಾಲು ಮಂಜುಗಡ್ಡೆಯದೇ ಆಗಿರಬೇಕು. ನನ್ನ ಕ್ಷೇತ್ರದಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ವಿಷಯ ಬಗೆಹರಿಸಿದ ವಾದ ಇನ್ನೊಂದಿಲ್ಲ.

ದೊಡ್ಡ ಪಾಲು ಎಂದರೆ ಎಷ್ಟು? ಇದಕ್ಕೆ ಚಿಪ್ಪನ್ನು ಬಿಟ್ಟು ಬೇರೆ ಸಾಕ್ಷಿ ಬೇಕು. ಎರಡು ಸಿಕ್ಕಿವೆ.

ಒಂದು ಬಾರ್ಬಡೋಸ್ ದ್ವೀಪದ ಹವಳ. ಕೆಲವು ಹವಳಗಳು ನೀರಿನ ಮಟ್ಟದ ಸಮೀಪವೇ ಬೆಳೆಯುತ್ತವೆ. ಹಿಮಯುಗದ ಕಾಲದ ಅಂಥ ಹವಳ ಇವತ್ತಿನ ನೀರಿನಡಿ ಎಷ್ಟು ಆಳದಲ್ಲಿದೆ ಎಂದು ಕೊರೆದು ನೋಡಿ, ಆಗ ಕಡಲ ಮಟ್ಟ ಸುಮಾರು 120 ಮೀಟರ್ ಕೆಳಗಿತ್ತು ಎಂದು 1989ರಲ್ಲಿ ರಿಚರ್ಡ್ ಫೇರ್‌ಬ್ಯಾಂಕ್ಸ್ ಪ್ರಕಟಿಸಿದರು. ಅಷ್ಟು ನೀರು ಮಂಜಾದರೆ ಕಡಲಿನ ಅನುಪಾತ ಸಾವಿರಕ್ಕೆ ಒಂದರ ಆಸುಪಾಸಿನಲ್ಲಿ ಏರಬೇಕು.

ಎರಡನೆಯದು ನನಗೆ ತುಂಬಾ ಇಷ್ಟವಾದದ್ದು. ಕೆಸರಿನ ಕಣಗಳ ನಡುವಿನ ಸಂದಿಯಲ್ಲಿ ಹಿಮಯುಗದ ಕಡಲ ನೀರೇ ಸಿಕ್ಕಿಕೊಂಡಿದೆ! ಇಪ್ಪತ್ತು ಸಾವಿರ ವರ್ಷಗಳಲ್ಲಿ ಅದು ಮೇಲಿನ, ಕೆಳಗಿನ ನೀರಿನೊಂದಿಗೆ ಬೆರೆತು ಮಸುಕಾಗಿದೆ, ನಿಜ. ಆದರೂ ತಳದಿಂದ ಕೆಲವು ಹತ್ತು ಮೀಟರ್ ಕೆಳಗೆ ಆಕ್ಸಿಜನ್-18 ಜಾಸ್ತಿ ಇರುವ ಉಬ್ಬು ಇವತ್ತಿಗೂ ಕಾಣುತ್ತದೆ. ಬೆರೆತ ಪ್ರಮಾಣವನ್ನು ಲೆಕ್ಕ ಹಾಕಿ ಹಿಂದಕ್ಕೆ ಹೋದರೆ ಮೂಲ ನೀರಿನ ಅನುಪಾತ ಸಿಗುತ್ತದೆ. 1996ರಲ್ಲಿ ಡೇನಿಯಲ್ ಶ್ರಾಗ್ ಮತ್ತು ಸಂಗಡಿಗರು ಹೀಗೆ ಮಾಡಿದರು. ಇಲ್ಲೂ ಉತ್ತರ ಸಾವಿರಕ್ಕೆ ಒಂದರ ಹತ್ತಿರವೇ ಬಂತು. ಹವಳಕ್ಕೂ ಸಂದಿಯ ನೀರಿಗೂ ಏನೇನೂ ಸಂಬಂಧವಿಲ್ಲ. ಎರಡೂ ಒಂದೇ ಕಡೆ ಬಂದು ನಿಂತದ್ದು ಕಾಕತಾಳೀಯ ಎನ್ನಲು ಧೈರ್ಯ ಬೇಕು. 1.7ರಲ್ಲಿ ಒಂದು ಹೋದರೆ ಉಳಿದ 0.7 ಉಷ್ಣತೆಯದು. ಸುಮಾರು ಮೂರು ಡಿಗ್ರಿ. ಅಂದರೆ ಹಿಮಯುಗದಲ್ಲಿ ಆಳದ ಕಡಲು ಹೆಪ್ಪುಗಟ್ಟುವ ಅಂಚಿನವರೆಗೆ ತಣ್ಣಗಾಗಿತ್ತು.

ಇದಕ್ಕಿಂತ ಹಳೆಯ ಕಾಲಕ್ಕೆ ಹೋದರೆ ಹಿಮಯುಗದ ನೀರೂ ಇಲ್ಲ, ಸರಿಯಾದ ಹವಳವೂ ಅಪರೂಪ. ಆಗ ಉಷ್ಣತೆಯನ್ನು ಬೇರೆ ದಾರಿಯಿಂದ ಅಳೆಯಬೇಕು. ಅದೇ ಚಿಪ್ಪಿನ ಮೆಗ್ನೀಸಿಯಂ-ಕ್ಯಾಲ್ಸಿಯಂ ಅನುಪಾತ ಒಂದು ದಾರಿ. ನೀರು ಬೆಚ್ಚಗಿದ್ದಷ್ಟೂ ಚಿಪ್ಪಿಗೆ ಮೆಗ್ನೀಸಿಯಂ ಜಾಸ್ತಿ ಸೇರುತ್ತದೆ. ಆಕ್ಸಿಜನ್ ಮತ್ತು ಮೆಗ್ನೀಸಿಯಂ ಎರಡೂ ಒಂದೇ ಚಿಪ್ಪಿನವು ಎಂಬುದು ಇದರ ದೊಡ್ಡ ಅನುಕೂಲ. ತೊಂದರೆ ಎಂದರೆ ಚಿಪ್ಪು ಸ್ವಲ್ಪ ಕರಗಿದರೂ ಮೆಗ್ನೀಸಿಯಂ ಮೊದಲು ಹೋಗುತ್ತದೆ, ಉಷ್ಣತೆ ಕಡಿಮೆ ತೋರುತ್ತದೆ. ಜೇಡಿಮಣ್ಣು ಸರಿಯಾಗಿ ತೊಳೆಯದಿದ್ದರೆ ಉಲ್ಟಾ ತಪ್ಪು. ಕೋಟಿ ವರ್ಷ ಹಿಂದಕ್ಕೆ ಹೋದರೆ ಕಡಲಿನ ಮೆಗ್ನೀಸಿಯಮ್ಮೇ ಬದಲಾಗಿರುತ್ತದೆ. ಇನ್ನೊಂದು ದಾರಿ ಆಲ್ಕಿನೋನ್. ಕೆಲವು ಪಾಚಿಗಳು ತಯಾರಿಸುವ ಕೊಬ್ಬಿನಂಥ ಅಣು ಇದು. ಚಿಪ್ಪು ಕರಗಿಹೋದ ಜಾಗದಲ್ಲೂ ಸಿಗುತ್ತದೆ. ಆದರೆ ನೀರು 28-29 ಡಿಗ್ರಿ ದಾಟಿದರೆ ಅದರ ಮಾಪನ ಗರಿಷ್ಠಕ್ಕೆ ಹೋಗಿ ನಿಂತುಬಿಡುತ್ತದೆ. ನಮ್ಮ ಬಂಗಾಳ ಕೊಲ್ಲಿಯಂಥ ಬೆಚ್ಚಗಿನ ಕಡಲಿಗೆ ಅದು ಅಷ್ಟಾಗಿ ಒಗ್ಗುವುದಿಲ್ಲ. ಈಚಿನದು ಕ್ಲಂಪ್ಡ್ ಐಸೊಟೋಪ್. ಒಂದೇ ಕಾರ್ಬೊನೇಟ್ ಅಣುವಿನೊಳಗೆ ಭಾರದ ಇಂಗಾಲ, ಭಾರದ ಆಕ್ಸಿಜನ್ ಎಷ್ಟು ಸಲ ಜೊತೆಯಾಗಿವೆ ಎಂದು ನೋಡುವುದು. ನೀರಿನ ಅನುಪಾತ ಗೊತ್ತಿರಬೇಕಾದ್ದೇ ಇಲ್ಲ. ಕೇಳಲು ಚೆಂದ, ಆದರೆ ಒಂದು ಅಳತೆಗೆ ತುಂಬಾ ಚಿಪ್ಪು ಬೇಕು, ಮಷಿನ್ ಹೊತ್ತು ಬೇಕು, ತಪ್ಪಿನ ಅಂಚೂ ದೊಡ್ಡದು.

ಯಾವುದು ಸರಿ ಎಂದು ಕೇಳಿದರೆ, ಎರಡು ಬೇರೆ ಬೇರೆ ದಾರಿ ಒಂದೇ ಊರಿಗೆ ತಲುಪುವವರೆಗೆ ನಾನು ಯಾವುದನ್ನೂ ಪೂರ್ತಿ ಒಪ್ಪುವುದಿಲ್ಲ. ಅದಕ್ಕೆ ಕಾರಣವಿದೆ. ಐದು ಕೋಟಿ ವರ್ಷ ಹಿಂದಿನ ಬೆಚ್ಚಗಿನ ಭೂಮಿಯಲ್ಲಿ ಧ್ರುವಗಳು ಸೆಕೆಯಾಗಿದ್ದರೂ ಉಷ್ಣವಲಯದ ಕಡಲು ಇವತ್ತಿಗಿಂತ ತಂಪಾಗಿತ್ತು ಎಂದು ಫೊರಾಮ್ ದಾಖಲೆಗಳು ಬಹಳ ಕಾಲ ಹೇಳುತ್ತಿದ್ದವು. ಹವಾಮಾನ ಮಾದರಿ ಮಾಡುವವರಿಗೆ ಇದು ಅರ್ಥವೇ ಆಗುತ್ತಿರಲಿಲ್ಲ. 2001ರಲ್ಲಿ ಪಾಲ್ ಪಿಯರ್ಸನ್ ಮತ್ತು ಸಂಗಡಿಗರು ಟಾಂಜಾನಿಯಾದ ಜೇಡಿಮಣ್ಣಿನಲ್ಲಿ ಗಾಜಿನಂತೆ ಹೊಳೆಯುವ, ಹಾಳಾಗದ ಚಿಪ್ಪುಗಳನ್ನು ಅಳೆದರು. ಅವು ಇವತ್ತಿನಷ್ಟೇ ಅಥವಾ ಅದಕ್ಕಿಂತ ಬೆಚ್ಚಗಿನ ಉಷ್ಣವಲಯ ತೋರಿಸಿದವು. ತಪ್ಪು ಇದ್ದದ್ದು ಅದಕ್ಕೂ ಮುಂಚೆ ಅಳೆದ ಚಿಪ್ಪುಗಳಲ್ಲಿ. ಮೇಲೆ ಬಿಸಿನೀರಿನಲ್ಲಿ ಹುಟ್ಟಿದ ಚಿಪ್ಪು ತಳಕ್ಕೆ ಬಿದ್ದ ಮೇಲೆ, ಅಲ್ಲಿನ ತಣ್ಣೀರಿನಲ್ಲಿ ಅದರ ಹರಳು ನಿಧಾನವಾಗಿ ಮರುಕಟ್ಟಿಕೊಂಡಿತ್ತು. ಮೈಕ್ರೋಸ್ಕೋಪಿನಲ್ಲಿ ಆಕಾರ ಮಾತ್ರ ಹಾಗೇ. ಒಳಗಿನ ಆಕ್ಸಿಜನ್ ಬೇರೆ ನೀರಿನದು.

ಕಾಲದ ಲೆಕ್ಕದ ಬಗ್ಗೆ ನಿಮ್ಮ ಹುಡುಗ ಕೇಳಿಲ್ಲ, ಆದರೆ ಖಂಡಿತ ಕೇಳುತ್ತಾನೆ. ಸುಮಾರು ಐವತ್ತು ಸಾವಿರ ವರ್ಷದವರೆಗೆ ರೇಡಿಯೊಕಾರ್ಬನ್ ಇದೆ. ಅದರಾಚೆ, ಭೂಮಿಯ ಕಾಂತಕ್ಷೇತ್ರ ತಿರುಗುಮುರುಗಾದ ಗುರುತು ಕೆಸರಿನಲ್ಲಿ ಉಳಿದಿರುತ್ತದೆ. ಅಂಥ ಕೊನೆಯ ತಿರುವಿನ ವಯಸ್ಸು ಜ್ವಾಲಾಮುಖಿ ಬಂಡೆಗಳಿಂದ ಗೊತ್ತು. ಅದನ್ನು ಗೂಟವಾಗಿ ಇಟ್ಟುಕೊಂಡು ನಡುವಿನ ಕಾಲವನ್ನು ಹಂಚುತ್ತಾರೆ. 1976ರಲ್ಲಿ ಹೇಸ್, ಇಂಬ್ರಿ, ಶ್ಯಾಕಲ್ಟನ್ ಮೂವರೂ ಹಿಂದೂ ಮಹಾಸಾಗರದ ದಕ್ಷಿಣ ಭಾಗದ ಎರಡು ಕೆಸರಿನ ಕಂಬಗಳನ್ನು ಹೀಗೆ ಓದಿ, ಅವುಗಳಲ್ಲಿ ಒಂದು ಲಕ್ಷ, 41 ಸಾವಿರ ಮತ್ತು 23 ಸಾವಿರ ವರ್ಷಗಳ ಆಸುಪಾಸಿನ ತಾಳ ಇದೆ ಎಂದು ತೋರಿಸಿದರು. ಭೂಮಿಯ ಕಕ್ಷೆಯ ಆಕಾರ, ಅಕ್ಷದ ಓರೆ, ಅಕ್ಷದ ತೂಗಾಟ ಇವುಗಳ ಅವಧಿಗಳೇ ಅವು.

ಆಮೇಲೆ ಎಲ್ಲರೂ ಇದನ್ನು ತಿರುಗಿಸಿ ಬಳಸತೊಡಗಿದರು. ಕಕ್ಷೆಯ ಲೆಕ್ಕ ಖಗೋಳಶಾಸ್ತ್ರದಿಂದ ಗೊತ್ತಿರುವುದರಿಂದ ಕೆಸರಿನ ಏರಿಳಿತವನ್ನು ಅದಕ್ಕೇ ಹೊಂದಿಸಿ ವಯಸ್ಸು ಕೊಡುವುದು. ಇದು ಸುತ್ತುವಾದ ಅಲ್ವಾ ಎಂದು ನನಗೂ ಓದುವ ಕಾಲದಲ್ಲಿ ಅನುಮಾನವಿತ್ತು. ಆ ಅನುಮಾನ ಹೋದದ್ದು ಒಂದು ಪಂತದಿಂದ ಎನ್ನಬಹುದು. ಆ ಕಾಂತೀಯ ತಿರುವು 7.3 ಲಕ್ಷ ವರ್ಷ ಹಿಂದಿನದು ಎಂದು ಬಂಡೆಗಳ ಪೊಟ್ಯಾಸಿಯಂ-ಆರ್ಗಾನ್ ವಿಧಾನ ಹೇಳುತ್ತಿತ್ತು. 1990ರಲ್ಲಿ ಶ್ಯಾಕಲ್ಟನ್ ತಂಡ ಕಕ್ಷೆಯ ಲೆಕ್ಕದಿಂದ, ಇಲ್ಲ, 7.8 ಲಕ್ಷ ಇರಬೇಕು ಎಂದಿತು. ಎರಡೇ ವರ್ಷದಲ್ಲಿ ಹೆಚ್ಚು ನಿಖರವಾದ ಆರ್ಗಾನ್-ಆರ್ಗಾನ್ ವಿಧಾನದಲ್ಲಿ ಬಂಡೆಗಳನ್ನು ಅಳೆದರು. 7.8 ಲಕ್ಷವೇ ಬಂತು. ಕೆಸರು ಗೆದ್ದಿತು, ಬಂಡೆ ತಿದ್ದಿಕೊಂಡಿತು.

ಈಗ ವಿಡಿಯೊ ವಿಷಯ. ‘ಹವಾಮಾನ ಯಾವಾಗಲೂ ಬದಲಾಗುತ್ತಿತ್ತು’ ಎಂಬುದು ನೂರಕ್ಕೆ ನೂರು ನಿಜ. ಅದನ್ನು ಕಂಡುಹಿಡಿದು ಹೇಳಿದವರೇ ನಾವು! ತಪ್ಪಿರುವುದು ‘ಹಾಗಾಗಿ’ ಎಂದು ಮುಂದುವರಿಸುವುದರಲ್ಲಿ. ಕೆಸರಿನ ದಾಖಲೆಯಲ್ಲಿ ಪ್ರತಿ ದೊಡ್ಡ ಬದಲಾವಣೆಗೂ ಕಾರಣ ಹುಡುಕಬಹುದು. ಹಿಮಯುಗಗಳಿಗೆ ಕಕ್ಷೆ ತಾಳ ಹಾಕಿತು, ಮಂಜುಗಡ್ಡೆ ಮತ್ತು ಇಂಗಾಲದ ಡೈಆಕ್ಸೈಡ್ ಅದನ್ನು ಹಿಗ್ಗಿಸಿದವು. ಕೊನೆಯ ಹಿಮಯುಗದ ತುದಿಯಲ್ಲಿ ಭೂಮಿಯ ಸರಾಸರಿ ಉಷ್ಣತೆ ಐದರಿಂದ ಏಳು ಡಿಗ್ರಿ ಕಡಿಮೆ ಇತ್ತು. ಅಲ್ಲಿಂದ ಮೇಲೆ ಬರಲು ಸುಮಾರು ಹತ್ತು ಸಾವಿರ ವರ್ಷ ಹಿಡಿಯಿತು. ನಾವು ಒಂದೂವರೆ ಶತಮಾನದಲ್ಲಿ ಒಂದು ಡಿಗ್ರಿ ದಾಟಿದ್ದೇವೆ. ಕಕ್ಷೆ ಇಷ್ಟು ಬೇಗ ಅಲುಗುವುದಿಲ್ಲ.

ಆದರೆ ಇಲ್ಲಿ ನಮ್ಮವರೂ ಒಮ್ಮೊಮ್ಮೆ ಜಾಸ್ತಿ ಹೇಳಿಬಿಡುತ್ತಾರೆ. ‘ಲಕ್ಷಾಂತರ ವರ್ಷದಲ್ಲಿ ಇಷ್ಟು ವೇಗದ ಬದಲಾವಣೆ ಆಗೇ ಇಲ್ಲ, ಕೆಸರು ನೋಡಿ’ ಎಂದು. ಕೆಸರಿನಿಂದ ಅಷ್ಟು ನೇರವಾಗಿ ಹೇಳಲಾಗದು. ತಳದಲ್ಲಿ ಹುಳುಗಳು ಮೇಲಿನ ಹತ್ತು ಸೆಂಟಿಮೀಟರ್ ಕೆಸರನ್ನು ಸದಾ ಕಲಕುತ್ತಿರುತ್ತವೆ. ಸಾವಿರ ವರ್ಷಕ್ಕೆ ಎರಡು ಸೆಂಟಿಮೀಟರ್ ಸೇರುವ ಕಡೆ, ಐದು ಸಾವಿರ ವರ್ಷಗಳು ಒಂದರೊಳಗೊಂದು ಬೆರೆತಿರುತ್ತವೆ. ನೂರು ವರ್ಷದ ಏರಿಳಿತ ಅಲ್ಲಿ ಅಳಿಸಿಹೋಗುತ್ತದೆ. ಮಕ್ಕಳಿಗೆ ಇದನ್ನು ಮುಚ್ಚಿಡಬೇಡಿ, ವಿಡಿಯೊ ಮಾಡಿದವರು ನಾಳೆ ಇದನ್ನೇ ಹಿಡಿದುಕೊಂಡು ಬರುತ್ತಾರೆ.

ಅಳಿಸಿಹೋಗದೆ ಉಳಿಯುವುದು ಇಂಗಾಲದ ಗುರುತು. 5.6 ಕೋಟಿ ವರ್ಷ ಹಿಂದೆ ಭಾರೀ ಪ್ರಮಾಣದ ಇಂಗಾಲ ಗಾಳಿಗೂ ಕಡಲಿಗೂ ಸೇರಿತು. ಭೂಮಿ ಐದಾರು ಡಿಗ್ರಿ ಬಿಸಿಯಾಯಿತು. 1991ರಲ್ಲಿ ಕೆನೆಟ್ ಮತ್ತು ಸ್ಟಾಟ್ ಅಂಟಾರ್ಕ್ಟಿಕಾ ಹತ್ತಿರದ ಕೆಸರಿನಲ್ಲಿ ಇದನ್ನು ಹಿಡಿದರು. ಆಕ್ಸಿಜನ್-18 ಕುಸಿದ ಜಾಗದಲ್ಲೇ ಭಾರದ ಇಂಗಾಲವಾದ ಇಂಗಾಲ-13 ಕೂಡ ಕುಸಿದಿತ್ತು. ತಳದ ಫೊರಾಮ್ ಜಾತಿಗಳಲ್ಲಿ ಮೂರನೇ ಒಂದರಿಂದ ಅರ್ಧದಷ್ಟು ಅಳಿದವು. ಕಡಲು ಆಮ್ಲೀಯವಾಗಿ ತಳದ ಬಿಳಿ ಕಾರ್ಬೊನೇಟ್ ಕರಗಿ, ಬರೀ ಕಂದು ಜೇಡಿಯ ಪಟ್ಟಿ ಉಳಿಯಿತು. ಸುಧಾರಿಸಲು ಒಂದು ಲಕ್ಷ ವರ್ಷಕ್ಕೂ ಜಾಸ್ತಿ ಬೇಕಾಯಿತು. ಅಷ್ಟು ಇಂಗಾಲ ನೂರೇ ವರ್ಷದಲ್ಲಿ ಸುರಿದರೂ ಅದರ ಗಾಯ ಲಕ್ಷ ವರ್ಷ ಇರುತ್ತದೆ, ಹುಳುಗಳಿಂದ ಅಳಿಸಲಾಗದು. ಆಗ ವರ್ಷಕ್ಕೆ ಸುಮಾರು ನೂರು ಕೋಟಿ ಟನ್ ಇಂಗಾಲ ಬಿಡುಗಡೆಯಾಗಿರಬಹುದು ಎಂಬುದು ಈಗಿನ ಒಂದು ಅಂದಾಜು. ನಾವು ಕಲ್ಲಿದ್ದಲು, ಎಣ್ಣೆ, ಗ್ಯಾಸ್ ಉರಿಸಿ ಬಿಡುತ್ತಿರುವುದು ಸುಮಾರು ಸಾವಿರ ಕೋಟಿ ಟನ್. ವಿಡಿಯೊಗೆ ಉತ್ತರ ಬೇಕಿದ್ದರೆ ಹಿಮಯುಗಕ್ಕಿಂತ ಈ ಹೋಲಿಕೆ ಗಟ್ಟಿ.

ಕಾರವಾರದ ಪ್ರಾಜೆಕ್ಟ್‌ಗೆ ಬರೋಣ. ಮೊದಲೇ ಹೇಳುತ್ತೇನೆ, ಅಲ್ಲಿಂದ ಚಿಪ್ಪು ತಂದು ಐಸೊಟೋಪ್ ಲ್ಯಾಬಿಗೆ ಕಳಿಸುವ ಆಸೆ ಬೇಡ. ದುಡ್ಡು ಖರ್ಚಾಗುತ್ತದೆ, ಅರ್ಥ ಸಿಗುವುದಿಲ್ಲ. ಕಾಳಿ ನದಿಯ ಬಾಯಲ್ಲಿ ಮಳೆಗಾಲಕ್ಕೂ ಬೇಸಿಗೆಗೂ ನೀರಿನ ಉಪ್ಪೂ ಬೇರೆ, ಐಸೊಟೋಪ್ ಅನುಪಾತವೂ ಬೇರೆ. ನಮ್ಮ ಕಡಲುಗಳಲ್ಲಿ ಆ ಕರೆಂಟ್ ಮೀಟರಿಗೆ ಈ ಸಿಹಿನೀರೇ ಮೂರನೇ ಮನೆ. ಪಶ್ಚಿಮ ಘಟ್ಟದಿಂದ ಕಾಳಿ, ಶರಾವತಿ, ನೇತ್ರಾವತಿ ತರುವ ಹಗುರ ನೀರು ಅರಬ್ಬೀ ಸಮುದ್ರದ ಪೂರ್ವ ಅಂಚಿನ ತೇಲುವ ಫೊರಾಮ್‌ಗಳಲ್ಲೂ ಅಚ್ಚಾಗುತ್ತದೆ. ಬಂಗಾಳ ಕೊಲ್ಲಿಯಲ್ಲಂತೂ ಗಂಗಾ-ಬ್ರಹ್ಮಪುತ್ರದ್ದೇ ಜೋರು. ಉಷ್ಣತೆ ಓದುವವರಿಗೆ ಇದು ಕಿರಿಕಿರಿ, ಮುಂಗಾರಿನ ಇತಿಹಾಸ ಹುಡುಕುವವರಿಗೆ ಇದೇ ಬಂಡವಾಳ. 2014-15ರಲ್ಲಿ ಅಂತರರಾಷ್ಟ್ರೀಯ ಕೊರೆತದ ಹಡಗು ಜಾಯ್ಡಿಸ್ ರೆಸಲ್ಯೂಷನ್ ಬಂಗಾಳ ಕೊಲ್ಲಿಗೂ, ಅದರ ಬೆನ್ನಿಗೇ ಅರಬ್ಬೀ ಸಮುದ್ರಕ್ಕೂ ಬಂದದ್ದು ಬಹುಮಟ್ಟಿಗೆ ಮುಂಗಾರಿನ ಹಳೆ ಕಥೆಗಾಗಿ.

ಲ್ಯಾಬಿಲ್ಲದೆ ಮಾಡಬಹುದಾದದ್ದು ಎರಡು ಇವೆ. ಕಾಳಿ ಅಳಿವೆಯ ಕೆಸರನ್ನು, ಇಳಿತದ ಹೊತ್ತು ನೋಡಿಕೊಂಡು, ಒಂದು ಡಬ್ಬಿಯಷ್ಟು ತನ್ನಿ. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ವಿಭಾಗದಲ್ಲಿ 75 ಮೈಕ್ರಾನ್ ಜರಡಿ ಇರುತ್ತದೆ, ಕೇಳಿ. ಅದರ ಮೇಲೆ ನಲ್ಲಿ ನೀರಿನಲ್ಲಿ ತೊಳೆದು, ಉಳಿದದ್ದನ್ನು ಒಣಗಿಸಿ, ಕಪ್ಪು ಕಾಗದದ ಮೇಲೆ ಹರಡಿ ಮೈಕ್ರೋಸ್ಕೋಪಿನಲ್ಲಿ ನೋಡಿ. ಒದ್ದೆ ಬ್ರಷ್ಷಿನ ತುದಿಯಲ್ಲಿ ಒಂದೊಂದೇ ಎತ್ತಬೇಕು. ನಾವು ಇವತ್ತಿಗೂ ಹಾಗೇ ಎತ್ತುತ್ತೇವೆ, ಇದಕ್ಕೆ ಬಂದಿರುವ ಮಷಿನ್‌ಗಳು ಇಲ್ಲ ಎನ್ನುವಷ್ಟು ಕಡಿಮೆ. ಒಂದು ಚಿಪ್ಪಿನ ಮೇಲೆ ಸಾರರಿಕ್ತ (ಡೈಲ್ಯೂಟ್) ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟರೆ ಗುಳ್ಳೆ ಏಳುತ್ತದೆ. ಮಾಸ್ ಸ್ಪೆಕ್ಟ್ರೋಮೀಟರಿಗೆ ಹೋಗುವುದೂ ಆ ಗ್ಯಾಸೇ, ಅಲ್ಲಿ ಫಾಸ್ಫರಿಕ್ ಆಮ್ಲ ಬಳಸುತ್ತೇವೆ ಅಷ್ಟೇ. ಬೀಚಿನ ಮರಳು ಬೇಡ. ಅದರಲ್ಲಿ ಅಲೆ ಎಲ್ಲಿಂದಲೋ ತಂದುಹಾಕಿದ, ಸವೆದ, ಹಳೆಯ ಚಿಪ್ಪುಗಳು ಸೇರಿರುತ್ತವೆ.

ಎರಡನೆಯದು ಕಂಪ್ಯೂಟರಿನಲ್ಲಿ. ಲಿಸೀಕಿ ಮತ್ತು ರೇಮೊ 2005ರಲ್ಲಿ ಜಗತ್ತಿನ 57 ಜಾಗಗಳ ತಳದ ಫೊರಾಮ್ ದಾಖಲೆಗಳನ್ನು ಸೇರಿಸಿ 53 ಲಕ್ಷ ವರ್ಷಗಳ ಒಂದೇ ಸಾಲು ಮಾಡಿದರು. ಎಲ್‌ಆರ್04 ಎಂದು ಹುಡುಕಿದರೆ ಅಂಕಿಗಳ ಪಟ್ಟಿ ಪುಕ್ಕಟೆ ಸಿಗುತ್ತದೆ. ಎಕ್ಸೆಲ್‌ನಲ್ಲಿ ಗ್ರಾಫ್ ಹಾಕಿಸಿ. ಈಚಿನ ಏಳೆಂಟು ಲಕ್ಷ ವರ್ಷಗಳಲ್ಲಿ ದೊಡ್ಡ ಅಲೆಗಳ ನಡುವೆ ಸುಮಾರು ಲಕ್ಷ ವರ್ಷದ ಅಂತರ. ಹದಿನೈದು ಲಕ್ಷ ವರ್ಷದ ಹಿಂದಕ್ಕೆ ಹೋದರೆ ಅಲೆ ಚಿಕ್ಕದು, ಅಂತರ 41 ಸಾವಿರ. ಯಾಕೆ ಹೀಗೆ ತಾಳ ಬದಲಾಯಿತು ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಮಕ್ಕಳು ತಮ್ಮ ಊಹೆ ಹೇಳಲಿ.

ಎರಡು ಎಚ್ಚರಿಕೆ. ಆ ಪಟ್ಟಿಯ ವಯಸ್ಸುಗಳನ್ನು ಕಕ್ಷೆಗೆ ಹೊಂದಿಸಿಯೇ ಕೊಟ್ಟಿದ್ದಾರೆ. ಹಾಗಾಗಿ ಅಲೆಗಳನ್ನು ಎಣಿಸಿ ‘ಕಕ್ಷೆಯೇ ಕಾರಣ ಎಂದು ನಾವು ಸಾಬೀತು ಮಾಡಿದೆವು’ ಎಂದು ರಿಪೋರ್ಟಿನಲ್ಲಿ ಬರೆಯುವ ಹಾಗಿಲ್ಲ. ಇನ್ನೊಂದು, ಲಂಬ ಅಕ್ಷವನ್ನು ತಲೆಕೆಳಗು ಮಾಡಿಸಿ. ಇಲ್ಲದಿದ್ದರೆ ಹಿಮಯುಗಗಳು ಮೇಲೆ ಶಿಖರವಾಗಿ ನಿಲ್ಲುತ್ತವೆ, ಮಕ್ಕಳು ಅದನ್ನೇ ಬಿಸಿಗಾಲ ಎಂದು ಓದುತ್ತಾರೆ. ಅಕ್ಷದ ಹೆಸರನ್ನು ‘ಉಷ್ಣತೆ’ ಎಂದು ಬರೆಸಬೇಡಿ. ‘ಮಂಜುಗಡ್ಡೆ ಮತ್ತು ಉಷ್ಣತೆ, ಎರಡೂ ಸೇರಿ’ ಎಂದು ಬರೆಸಿ. ಪ್ರಶ್ನೆ ಕೇಳಿದ ಹುಡುಗನ ಕೈಯಲ್ಲೇ ಬರೆಸಿದರೆ ಇನ್ನೂ ಒಳ್ಳೆಯದು.